ಸತ್ಯಮ್ಮನ ಬಟ್ಟಲು

ಹರಿಶ್ಚಂದ್ರನ ಹೆಸರೆತ್ತಿದರೆ ಸರ್ವೋತ್ತಮನಿಗೆ ಇವತ್ತಿಗೂ ಮೈ ಉರಿಯುತ್ತದೆ. ಹೆಂಡತಿಯ ಅಣ್ಣ, ಡೊಂಬಿವಿಲಿಯಲ್ಲಿ ಹೋಟೆಲ್ ಇಟ್ಟವನು, ಎಲ್ಲ ಸರಿ. ಆದರೆ ಹೆತ್ತ ತಾಯಿ ಉಂಡ ಬಟ್ಟಲನ್ನು ಗುಜರಿಗೆ ಹಾಕಿದವನಿಗೆ ಮರ್ಯಾದೆ ಕೊಡುವುದು ಹೇಗೆ?

ಸರ್ವೋತ್ತಮ ಕಾಪು ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದು, ಠಾಣೆ ಪಟ್ಟಣದ ವರ್ತಕ ನಗರದಲ್ಲಿ ಸೈಲೆನ್ಸರ್ ವೆಲ್ಡಿಂಗ್ ಅಂಗಡಿ ಹಾಕಿದ್ದ. ಹಿಂದೆಯೇ ಮನೆ. ಬಾಯಿ ಜೋರು, ಕೆಲಸ ಗಟ್ಟಿ. ಮಧ್ಯಾಹ್ನ ಅವನು ಉಣ್ಣುತ್ತಿದ್ದದ್ದು ತೀರಿಹೋದ ಅತ್ತೆ ಸತ್ಯಮ್ಮನ ಸ್ಟೀಲ್ ಬಟ್ಟಲಿನಲ್ಲಿ. ಬಟ್ಟಲೆಂದರೆ ಊರ ಕಡೆಯ ಮಾತಿನಲ್ಲಿ ಊಟದ ಅಗಲ ತಟ್ಟೆ. ಹಳೆಯ ಕಾಲದ ದಪ್ಪ ತಗಡು, ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ತಾಯಿಯದೆಂದು ಹೆಂಡತಿ ರತ್ನಾವತಿಗೆ ಉಳಿದದ್ದು ಅದೊಂದೇ. ಗಂಡನಿಗಲ್ಲದೆ ಬೇರೆ ಯಾರಿಗೂ ಅವಳು ಅದರಲ್ಲಿ ಬಡಿಸಿದವಳಲ್ಲ.

೨೦೦೯ರ ಮಾತು. ಹರಿಶ್ಚಂದ್ರ ತನ್ನ ಹಳೆಯ ಕಾರಿಗೆ ಶೋಕಿಗೆಂದು ದೊಡ್ಡ ಹೆಡರ್ ಹಾಕಿಸಿದ. ಇಂಜಿನ್ನಿನಿಂದ ಬೆಂಕಿಯಂಥ ಹೊಗೆಯನ್ನು ಹೊರಗೆಳೆಯುವ ಪೈಪುಗಳು ಅವು. ಕೂರಿಸಿದವನು ಯಾವ ಪುಣ್ಯಾತ್ಮನೋ, ಇಂಜಿನ್ನನ್ನು ಹೊತ್ತ ಮೌಂಟಿಂಗ್ ರಬ್ಬರಿನ ಮಗ್ಗುಲಿಗೇ ಕೂರಿಸಿದ್ದ. ರಬ್ಬರ್ ಬೆಂದು ಬಿರಿಯಿತು, ಕಾರು ಹೋಟೆಲಿನ ಗ್ರೈಂಡರಿನ ಹಾಗೆ ನಡುಗತೊಡಗಿತು. ಸರ್ವೋತ್ತಮ ಹೊಸದು ಹಾಕಿಕೊಟ್ಟ. ಅದೂ ಬೆಂದಿತು.

"ಆ ಹೆಡರ್ ಕಿತ್ತು ಬಿಸಾಡಿ ಭಾವ."

"ಅದರ ಸೌಂಡಿಗೇ ಅಲ್ವಾ ಹಾಕಿಸಿದ್ದು ಮಾರಾಯ್ರೆ! ಎಂಥಾದ್ರೂ ಅಡ್ಡ ಕೊಡಿ. ಇವತ್ತು ಮಗಳ ನಿಶ್ಚಿತಾರ್ಥ. ಗಾಡಿ ನಡುಗ್ತಾ ಕಲ್ಯಾಣ್ ಪೇಟೆಯ ಹಾಲ್‌ಗೆ ಹೋದ್ರೆ ಬೀಗರು ಎಂಥ ಹೇಳಿಯಾರು?"

ಭಾನುವಾರ, ತಗಡಿನ ಅಂಗಡಿಗಳೆಲ್ಲ ಬಂದ್. ಸರ್ವೋತ್ತಮನ ಹತ್ತಿರ ಉಳಿದದ್ದು ತುಕ್ಕು ಹಿಡಿದ ಚೂರುಗಳು. "ಪೈಪಿಗೂ ರಬ್ಬರಿಗೂ ನಡುವೆ ಒಂದು ಅಗಲ ತಗಡು ನಿಲ್ಲಿಸಬೇಕು. ಎರಡಕ್ಕೂ ತಾಗಬಾರದು, ಗಾಳಿ ಆಡಬೇಕು. ಈಗ ಎಲ್ಲಿಂದ ತರಲಿ?" ಎಂದು ಗೊಣಗಿದ.

ಹರಿಶ್ಚಂದ್ರ ಸೀದಾ ಒಳಗೆ ಹೋಗಿ ಬಟ್ಟಲು ಹಿಡಿದು ಬಂದ. ರತ್ನಾವತಿ ಬೆಳಿಗ್ಗೆಯೇ ಲೋಕಲ್ ರೈಲು ಹಿಡಿದು ಕಲ್ಯಾಣ್‌ಗೆ ಹೋಗಿದ್ದಳು.

"ಭಾವ, ಅದು ಬೇಡ. ಅವಳು ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ."

"ನನ್ನ ಅಮ್ಮಂದೂ ಹೌದಲ್ಲ, ನನಗೆ ಹಕ್ಕಿಲ್ವಾ? ನಾಳೆ ಬೇರೆ ತಗಡು ಹಾಕಿ ಇದನ್ನು ತೆಗೆಯಿರಿ. ನಾನೇ ಗಾಡಿ ತರ್ತೇನೆ. ಅಮ್ಮನ ಆಣೆ!"

ತಾಯಿಯ ಆಣೆ ಹಾಕಿದ ಮೇಲೆ ನಂಬದಿರುವುದು ಹೇಗೆ? ಸರ್ವೋತ್ತಮ ಹೆಸರಿಗೆ ತಾಗದಂತೆ ಎರಡು ತೂತು ಕೊರೆದು, ಅಂಚು ಬಗ್ಗಿಸಿ, ವಾಷರ್ ಕೊಟ್ಟು ಬಿಗಿದ. ಕಾರು ಬೆಣ್ಣೆಯ ಹಾಗೆ ಓಡಿತು.

ಆ ಮನುಷ್ಯ ಸುಮ್ಮನಿದ್ದನೇ? ನಿಶ್ಚಿತಾರ್ಥದ ಹಾಲ್‌ನಲ್ಲಿ ಬೀಗರ ಎದುರು, "ನಮ್ಮ ಭಾವ ಊಟದ ಬಟ್ಟಲಲ್ಲೇ ಗಾಡಿ ರಿಪೇರಿ ಮಾಡ್ತಾರೆ" ಎಂದು ನಗಾಡಿದ. ಎಲ್ಲರೂ ನಕ್ಕರು. ರತ್ನಾವತಿ ಮಾತ್ರ ಗಂಡನತ್ತ ತಿರುಗಿ, "ಯಾವ ಬಟ್ಟಲು?" ಎಂದಳು.

ಆ ನಾಳೆ ಬರಲೇ ಇಲ್ಲ. ಫೋನ್ ಮಾಡಿದರೆ ಹೋಟೆಲಿನಲ್ಲಿ ರಶ್ ಎನ್ನುವ ಮಾತು. ಕೊನೆಗೊಂದು ದಿನ ಹರಿಶ್ಚಂದ್ರ ಹೊಸ ಕಾರಿನಲ್ಲಿ ಬಂದಿಳಿದ. ಹಳೆಯದನ್ನು ಕಳಂಬೋಲಿ ಕಡೆಯ ಗುಜರಿಗೆ ಕೊಟ್ಟಾಗಿತ್ತು. ಸರ್ವೋತ್ತಮ ಅಂಗಡಿ ಮುಚ್ಚಿ ಅಲ್ಲಿಗೂ ಓಡಿದ. ಕಬ್ಬಿಣದ ರಾಶಿಯ ಮೇಲೆ ಕುಳಿತವನು, "ಗಾಡಿ ಮೇ ಥಾಲಿ? ಪಾಗಲ್ ಹೈ ಕ್ಯಾ?" ಎಂದು ಹುಚ್ಚನನ್ನು ನೋಡುವಂತೆ ನೋಡಿದ.

ದೀಪಾವಳಿಗೆ ಹರಿಶ್ಚಂದ್ರ ಹೊಸ ಬಟ್ಟಲುಗಳ ಕಟ್ಟು ಕಳಿಸಿದ. ಒಂದೊಂದರ ಮೇಲೂ ಅವನ ಹೋಟೆಲಿನ ಹೆಸರು! ರತ್ನಾವತಿ ಕಟ್ಟನ್ನು ಬಿಚ್ಚದೆ ಅಟ್ಟಕ್ಕೆ ಹಾಕಿದಳು. ಅಂದಿನಿಂದ ಗಂಡನಿಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಡಿಸುತ್ತಾಳೆ.

"ತೆಗೆದುಕೊಂಡು ಬಂದದ್ದು ನಿನ್ನ ಅಣ್ಣ, ಮಾರಿದ್ದೂ ಅವನೇ. ನನಗೆ ಯಾಕೆ ಈ ಶಿಕ್ಷೆ?" ಎಂದು ಅವನು ಈಗಲೂ ಕೂಗಾಡುತ್ತಾನೆ.

"ತೂತು ಕೊರೆದದ್ದು ಯಾರು?" ಎಂದು ಕೇಳಿ ಅವಳು ಸಾರು ಬಡಿಸುತ್ತಾಳೆ.

ಬಟ್ಟಲು ಇನ್ನೂ ಬರಬೇಕು.