ಹೀಟರ್ ಹಾಕಿದರೆ ಬರುವ ವಾಸನೆ

ಬೆಂಗಳೂರಿನಲ್ಲಿ ಕಾರಿನ ಹೀಟರ್ ಹಾಕುವವರನ್ನು ನಾನು ಕಂಡದ್ದೇ ಕಡಿಮೆ. ನಮ್ಮ ಕಾರಿನಲ್ಲೂ ಆ ತಿರುಗಣೆ ವರ್ಷಗಟ್ಟಲೆ ನೀಲಿ ಬಣ್ಣದ ಕಡೆಗೇ ಮುಖ ಮಾಡಿಕೊಂಡಿತ್ತು. ಅದನ್ನು ಕೆಂಪಿನ ಕಡೆ ತಿರುಗಿಸಿದ್ದು ಅತ್ತೆಗೆ ಡಯಾಲಿಸಿಸ್ ಶುರುವಾದ ಮೇಲೆ. ದಿನ ಬಿಟ್ಟು ದಿನ, ಬೆಳಗಿನ ಮೊದಲ ಪಾಳಿ; ಬಸವೇಶ್ವರನಗರದ ಮನೆಯಿಂದ ರಾಜಾಜಿನಗರದ ಆಸ್ಪತ್ರೆಗೆ ನಾನೇ ಡ್ರೈವರ್. ಡಿಸೆಂಬರ್ ಚಳಿ, ಮೈಯಲ್ಲಿ ರಕ್ತ ಕಡಿಮೆಯಾದ ಜೀವ, ಎರಡು ಶಾಲು ಹೊದ್ದರೂ ಹಲ್ಲು ಕಟಕಟ. ಹೀಟರ್ ಹಾಕದೆ ಇನ್ನೇನು ಮಾಡಲಿ?

ಹೊರಡುವ ಮುನ್ನ ಅತ್ತೆಯದೊಂದು ಕೆಲಸವಿತ್ತು. ಹಾವೇರಿ ಕಡೆಯವರು, ಲಿಂಗಪೂಜೆ ಆಗದೆ ಹನಿ ನೀರೂ ಮುಟ್ಟುವವರಲ್ಲ. ಪೂಜೆ ಮುಗಿಸಿ ಒಂದು ಸೇವಂತಿಗೆ, ಎರಡು ಬಿಲ್ವಪತ್ರೆ ಹಿಡಿದು ಬಂದು ಕಾರಿನ ಮುಂದೆ ನಿಂತು ಕಣ್ಣು ಮುಚ್ಚುತ್ತಿದ್ದರು. ಬಾನೆಟ್ಟಿನ ಮೇಲಿಟ್ಟರೆ ಹೂವು ತಿರುವಿನಲ್ಲೇ ಹಾರಿಹೋಗುತ್ತದೆಂದು, ಗಾಜಿನ ಬುಡದಲ್ಲಿ, ವೈಪರಿನ ಸಂದಿಗೆ ಒತ್ತಿ ಸಿಕ್ಕಿಸುತ್ತಿದ್ದರು. "ಹತ್ತಿ ಅತ್ತೆ, ಶಿವನಿಗೂ ಟ್ರಾಫಿಕ್ ಗೊತ್ತು" ಎಂದು ನಾನು ಗೊಣಗುತ್ತಿದ್ದೆ. ಆದರೆ ಅವರು ಬೇಡಿಕೊಳ್ಳುತ್ತಿದ್ದದ್ದು ತಮಗಾಗಿ ಅಲ್ಲ, ಸ್ಟಿಯರಿಂಗ್ ಹಿಡಿಯುವ ನನ್ನ ಕೈಗಾಗಿ ಎಂಬುದು ನನಗೆ ಗೊತ್ತಿತ್ತು.

ಜನವರಿ ಹೊತ್ತಿಗೆ ವಾಸನೆ ಶುರುವಾಯಿತು. ಹೀಟರ್ ಹಾಕಿ ಸ್ವಲ್ಪ ಹೊತ್ತಿಗೆಲ್ಲ, ನೆಂದ ಗೋಣಿಚೀಲ ಮೂಲೆಯಲ್ಲಿ ಕೊಳೆತ ಹಾಗೆ ಗಬ್ಬು. ಸೆಂಟಿನ ಡಬ್ಬಿಯೊಂದನ್ನು ತಂದು ತೂಗುಹಾಕಿದೆ. ಗೋಣಿಚೀಲಕ್ಕೆ ಮಲ್ಲಿಗೆ ಮುಡಿಸಿದ ಹಾಗಾಯಿತು, ಅಷ್ಟೇ. ಆಮೇಲಿನ ಪಾಳಿಯಿಂದ ಅತ್ತೆ ಮುಂದಿನ ಸೀಟು ಬಿಟ್ಟು ಹಿಂದೆ ಕೂರತೊಡಗಿದರು. ಅದೂ ಗಾಜು ಇಳಿಸಿಕೊಂಡು, ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡು.

"ಏನತ್ತೆ, ಚಳಿ ಅಂತೀರ, ಗಾಜು ಇಳಿಸ್ತೀರ! ನಾನು ಹೀಟರ್ ಹಾಕಿರೋದು ರಸ್ತೆಗಾ?"

ಅವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

ನಾಯಂಡಹಳ್ಳಿಯ ಮೆಕ್ಯಾನಿಕ್ ಒಳಗೆ ಕೂತು ಮೂಗು ಅರಳಿಸಿದ. "ಸಿಹಿ ಸಿಹಿ ವಾಸನೆ ಬಂದಿದ್ರೆ ಕೂಲೆಂಟ್ ಸೋರ್ತಾ ಇದೆ ಅಂತಿದ್ದೆ ಮೇಡಂ. ಇದು ಅದಲ್ಲ. ವೈರ್ ಸುಟ್ಟಿದ್ದೂ ಅಲ್ಲ. ಇಲಿ ಸತ್ತಿರ್ಬೇಕು." ಇಲಿಯೂ ಇಲ್ಲ, ಬಾಲವೂ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದಿನ ಗಾಳಿ ಫಿಲ್ಟರನ್ನು ತೆಗೆದ; ಅದು ಒದ್ದೆಯಾಗಿ ಕಪ್ಪಿಟ್ಟಿತ್ತು. ಮಳೆಯಿಲ್ಲದ ಕಾಲದಲ್ಲಿ ಅದೇಕೆ ಒದ್ದೆಯಾಯಿತೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸದು ಹಾಕಿದ. ವಾಸನೆ ನಾಲ್ಕು ದಿನ ತವರಿಗೆ ಹೋಗಿ ವಾಪಸ್ ಬಂತು.

ಒಂದು ಬೆಳಿಗ್ಗೆ ನಾನು ಕಾರು ತೆಗೆದು ಕಾಯುತ್ತಿದ್ದೆ, ಅತ್ತೆ ಬರಲೇ ಇಲ್ಲ. ಒಳಗೆ ಹೋದರೆ ದೇವರಮನೆಯ ಹೊಸ್ತಿಲ ಬಳಿ ಕೂತಿದ್ದಾರೆ.

"ನಾ ಬರಂಗಿಲ್ಲವ್ವ. ಇವತ್ತಲ್ಲ, ಇನ್ನ ಮ್ಯಾಲೂ ಇಲ್ಲ."

"ಡಯಾಲಿಸಿಸ್ ಬಿಟ್ರೆ ಏನಾಗುತ್ತೆ ಅಂತ ಡಾಕ್ಟರ್ ಬಿಡಿಸಿ ಹೇಳಿದ್ದಾರಲ್ಲ ಅತ್ತೆ?"

"ಗೊತ್ತೈತಿ. ನನ್ನ ಮೈ ನಾರಾಕ ಹತ್ತೈತಿ. ಕಿಡ್ನಿ ಹ್ವಾದ್ರ ಒಳಗಿನ ಹೊಲಸು ಹೊರಗ ನಾರ್ತೈತಿ ಅಂತ ಬಾಜೂ ಮಂಚದಾಕಿ ಹೇಳ್ಯಾಳ. ಅದಕ್ಕ ನೀ ಸೆಂಟಿನ ಡಬ್ಬಿ ಕಟ್ಟಿದಿ. ಬಾಯಿ ಬಿಟ್ಟು ಅನ್ನಲಿಲ್ಲ, ನಿನ್ನ ದೊಡ್ಡತನ."

ಇಷ್ಟು ದಿನ ಆ ಚಳಿಗಾಳಿಯಲ್ಲಿ ಗಾಜು ಇಳಿಸಿ ಕೂತದ್ದು ನನಗೆ ನಾರಬಾರದೆಂದು!

"ಅಯ್ಯೋ, ನಿಮ್ಮದಲ್ಲ ಅತ್ತೆ, ಅದು ಕಾರಿಂದು!"

"ಹಂಗಾದ್ರ ನೀ ಒಬ್ಬಾಕೀನ ಹೋಗುವಾಗ ಬರ್ತೈತೇನು?"

ಬರುತ್ತಿರಲಿಲ್ಲ. ನಾನೊಬ್ಬಳೇ ಹೋಗುವಾಗ ಹೀಟರ್ ಯಾಕೆ ಹಾಕಲಿ? ಅದನ್ನು ಬಿಡಿಸಿ ಹೇಳಿದೆ. ಸಮಾಧಾನಕ್ಕೆ ಕಟ್ಟಿದ ಕಥೆ ಎಂಬಂತೆ ನನ್ನ ಮುಖವನ್ನೇ ನೋಡಿ ಗೋಡೆಗೆ ಒರಗಿದರು. ಅಂದು ಆಸ್ಪತ್ರೆ ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ಅವರ ಪಾದಗಳು ಊದಿಕೊಂಡಿದ್ದವು.

ಭಯವಾದರೆ ನನಗೆ ಬರುವುದು ಅಳುವಲ್ಲ, ಸಿಟ್ಟು. ಯಾರ ಮೇಲೆ ತೀರಿಸಲಿ? ಬಕೆಟ್ ತೆಗೆದುಕೊಂಡು ಹೋಗಿ ಆ ಹಾಳು ಕಾರನ್ನು ತೊಳೆಯಲು ನಿಂತೆ. ಮುಂಗಾಜಿಗೆ ರಪ್ಪೆಂದು ಎರಚಿದ ನೀರು ಕೆಳಗಿಳಿದು ಹೋಗಲಿಲ್ಲ. ವೈಪರಿನ ಬುಡದ ಪ್ಲಾಸ್ಟಿಕ್ ಜಾಲರಿಯಲ್ಲಿ ಮಡುಗಟ್ಟಿ ನಿಂತಿತು. ನೋಡುತ್ತಿದ್ದಂತೆ ಒಂದು ಹಳದಿ ಎಸಳು ಮೇಲೆದ್ದು ತೇಲಿತು. ಹಿಂದೆಯೇ ಇನ್ನೊಂದು.

ಸ್ಕ್ರೂ ಡ್ರೈವರ್ ತಂದು ಜಾಲರಿ ಎಬ್ಬಿಸಿದೆ. ಹೀಟರಿಗೆ ಹೊರಗಿನ ಗಾಳಿ ಹೋಗುವ ಬಾಯಿ ಅದೇ. ಅಲ್ಲಿ ನೀರು ಇಳಿಯುವ ತೂತಿಗೆ ಬೂಚು ಹಾಕಿದ ಹಾಗೆ ಸೇವಂತಿಗೆ, ಬಿಲ್ವಪತ್ರೆ ಎಲ್ಲ ಕೊಳೆತು ಒಂದೇ ಮುದ್ದೆಯಾಗಿ ಕೂತಿದ್ದವು. ಕಾರು ತೊಳೆದ ನೀರು, ರಾತ್ರಿಯ ಮಂಜು ಎಲ್ಲವನ್ನೂ ಕುಡಿದು ಕೂತಿದ್ದವು. ಬರಿಗೈಯಲ್ಲೇ ಬಾಚಿಕೊಂಡು ಒಳಗೆ ಓಡಿದೆ.

"ಮೂಸಿ ನೋಡಿ."

ಅತ್ತೆ ಮೂಗನ್ನು ಹತ್ತಿರ ತಂದರು, ತಟ್ಟನೆ ಮುಖ ತಿರುಗಿಸಿದರು. ಮತ್ತೆ ತಾವಾಗಿಯೇ ಬಗ್ಗಿ ಮೂಸಿದರು.

"ಇದ... ಇದ ವಾಸನಿ. ಅಯ್ಯ ಶಿವನ, ಇದು ನನ್ನ ಹೂವಲ್ಲೇನು?"

"ಹೂಂ. ನೀವು ಬೇಡಿಕೊಂಡಿದ್ದೆಲ್ಲ ಸೀದಾ ಹೀಟರಿಗೇ ಮುಟ್ಟಿದೆ."

ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಂಗಾದ್ರ ನಾ ಅಲ್ಲ?"

"ನೀವಲ್ಲ ಅತ್ತೆ."

ಆಸ್ಪತ್ರೆಗೆ ಫೋನ್ ಮಾಡಿ ಮರುದಿನದ ಮೊದಲ ಪಾಳಿಗೆ ಹೇಳಿದೆ. ತೂತು ಬಿಡಿಸಿ, ಫಿಲ್ಟರ್ ಮತ್ತೆ ಬದಲಿಸಿ, ಬಾಗಿಲು ತೆರೆದಿಟ್ಟು ಹೀಟರನ್ನು ಜೋರಾಗಿ ಓಡಿಸಿದೆ.

ಬೆಳಿಗ್ಗೆ ಅತ್ತೆ ಹೂವು ಹಿಡಿದೇ ಬಂದರು. ವೈಪರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಹೂವನ್ನು ನನ್ನ ಅಂಗೈಗೆ ಇಟ್ಟು ಮುಂದಿನ ಸೀಟಿಗೆ ಹತ್ತಿದರು. ಅಭ್ಯಾಸಬಲದಿಂದ ಗಾಜು ಇಳಿಸಿದರು. ನಾನು ಹೀಟರ್ ಹಾಕಿದೆ. ನವರಂಗದ ಸಿಗ್ನಲ್ಲಿನಲ್ಲಿ ನಿಂತಾಗ, ನಾನು ನೋಡುತ್ತಿಲ್ಲವೆಂದುಕೊಂಡು, ಅತ್ತೆ ತಮ್ಮ ತೋಳನ್ನು ಮೂಗಿಗೆ ಹಿಡಿದು ನಿಧಾನವಾಗಿ ಮೂಸಿ ನೋಡಿಕೊಂಡರು. ಆಮೇಲೆ ಗಾಜನ್ನು ಪೂರ್ತಿ ಏರಿಸಿದರು.