ಕೋಚ್ ಆಯ್ಕೆಗೆ ಹೋದ ಮೇಷ್ಟ್ರು

ಹೋದ ವಾರ, ಅಮೆರಿಕದಲ್ಲಿ ನಾವಿರುವ ಊರು ಕ್ಯಾರಿಯ ಇಂಡಿಯನ್ ಅಂಗಡಿಯಲ್ಲಿ ಯಾರದೋ ಕೈಜಾರಿ ನೀಲಗಿರಿ ಎಣ್ಣೆಯ ಸೀಸೆ ಒಡೆಯಿತು. ಅಂಗಡಿಯವರು ಮಾಪ್ ತಂದು ಒರೆಸತೊಡಗಿದರು. ಜನ ಮೂಗು ಮುಚ್ಚಿಕೊಂಡು ಪಕ್ಕದ ಸಾಲಿಗೆ ಸರಿದರು. ನಾನು ಮಾತ್ರ ತೊಗರಿಬೇಳೆ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆ ಘಾಟು ನನ್ನನ್ನು ಸಾವಿರಾರು ಜನ ಕಿರುಚುತ್ತಿದ್ದ ಒಂದು ಸ್ಟೇಡಿಯಂಗೆ ಎಳೆದುಕೊಂಡು ಹೋಗಿ, ಮಂಕಿ ಕ್ಯಾಪ್ ಹಾಕಿಕೊಂಡು ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕೂರಿಸಿತು. ನಮ್ಮ ಮೇಷ್ಟ್ರು...

ಮೇಷ್ಟ್ರು ನಮ್ಮ ಪಕ್ಕದ ಮನೆಯವರು. ಮೈಸೂರಿನವರು. ಯೌವನದಲ್ಲೇ ಇಲ್ಲಿಗೆ ಬಂದು, ಹತ್ತಿರದ ದೊಡ್ಡ ಯೂನಿವರ್ಸಿಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಹುಡುಗರಿಗೆ ಮಣ್ಣಿನ ಗುಣದ ಪಾಠ ಹೇಳುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ಕೋವಿಡ್ ಗಲಾಟೆ ಇನ್ನೂ ಪೂರ್ತಿ ತಣ್ಣಗಾಗದ ದಿನಗಳಲ್ಲಿ ನಾವು ಆ ಮನೆಗೆ ಬಂದಾಗ ಮೊದಲು ಬಾಗಿಲು ತಟ್ಟಿದವರು ಅವರೇ. ನಾನು "ಬನ್ನಿ ಅಂಕಲ್" ಅಂದೆ. "ಅಂಕಲ್ ಗಿಂಕಲ್ ಎಲ್ಲ ಬೇಡಮ್ಮ, ಮೇಷ್ಟ್ರು ಅನ್ನು. ಹಾಗೆ ಕರೆಯೋರು ಇಲ್ಲಿ ಯಾರೂ ಇಲ್ಲ" ಅಂದರು. ಅವರ ಹೆಂಡತಿ ಮಾತ್ರ ನನಗೆ ಆಂಟಿಯಾಗಿಯೇ ಉಳಿದರು.

ಮೇಷ್ಟ್ರಿಗೆ, ಒಬ್ಬರನ್ನೊಬ್ಬರು ಗುದ್ದಿ ಕೆಡವುವ ಅಮೆರಿಕನ್ ಫುಟ್ಬಾಲ್ ಹುಚ್ಚು. ಆ ಹುಚ್ಚು ಹತ್ತಿದ ಕಥೆಯನ್ನು ಅವರೇ ಹೇಳುತ್ತಿದ್ದರು. ಸೋಮವಾರ ಬೆಳಗಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನ, ಫುಟ್ಬಾಲ್ ಆಡುವ ದೈತ್ಯ ಹುಡುಗರು ಕೂತಲ್ಲೇ ನಿದ್ದೆ ಹೋಗುತ್ತಿದ್ದರಂತೆ. ಬೈದು ಬೈದು ಸಾಕಾಗಿ, ಇವರಿಗೇನು ಧಾಡಿ ಅಂತ ನೋಡಲು ಒಂದು ಶನಿವಾರ ಸ್ಟೇಡಿಯಂಗೆ ಹೋದರಂತೆ. "ನೋಡಿದ ಮೇಲೆ, ಇವರು ಸೋಮವಾರ ಎದ್ದು ಕ್ಲಾಸಿಗೆ ಬರೋದೇ ದೊಡ್ಡದು ಅನ್ನಿಸ್ತು ಕಣಮ್ಮ" ಅನ್ನುತ್ತಿದ್ದರು. ಮುಂದೆ ಆಟಗಾರರ ಓದಿನ ಮೇಲೆ ಕಣ್ಣಿಡಲು ಕ್ರೀಡಾ ವಿಭಾಗಕ್ಕೆ ಅಧ್ಯಾಪಕರ ಕಡೆಯಿಂದ ಒಬ್ಬ ಪ್ರತಿನಿಧಿ ಬೇಕಾದಾಗ ಕೈ ಎತ್ತಿದವರು ಇವರೊಬ್ಬರೇ.

ನಾವು ಬರುವ ಹೊತ್ತಿಗೆ ಡಾಕ್ಟರು ಅವರಿಗೆ ಡ್ರೈವಿಂಗ್ ಬಿಡಿಸಿದ್ದರು. ಕಣ್ಣಿನ ತೊಂದರೆ. ನನ್ನ ಗಂಡನಿಗೆ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಪ್ರಾಜೆಕ್ಟು, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ನನ್ನ ಕೆಲಸ ಮನೆಯಿಂದಲೇ. ಹೀಗಾಗಿ ಶನಿವಾರಗಳಲ್ಲಿ ಮೇಷ್ಟ್ರನ್ನು ಸ್ಟೇಡಿಯಂಗೆ ಕರೆದೊಯ್ಯುವುದು ತಾನಾಗಿ ನನ್ನ ಪಾಲಿಗೆ ಬಂತು. ಪಾರ್ಕಿಂಗ್ ಲಾಟ್ ತುಂಬ ಮಾಂಸ ಸುಡುವ ಹೊಗೆ, ಬಿಯರು, ಹಾಡು. ನಡುವೆ ನಾವಿಬ್ಬರು ಕಾರಿನ ಡಿಕ್ಕಿ ತೆರೆದು ಕೂತು ಆಂಟಿ ಕಟ್ಟಿಕೊಟ್ಟ ಪುಳಿಯೋಗರೆ ತಿನ್ನುತ್ತಿದ್ದೆವು. ಆಟ ನನಗೆ ಕೊನೆಗೂ ಪೂರ್ತಿ ತಿಳಿಯಲಿಲ್ಲ. ಮೇಷ್ಟ್ರು ಎದ್ದು ನಿಂತಾಗ ನಾನೂ ಏಳುತ್ತಿದ್ದೆ, ಅವರು ಹಣೆ ಚಚ್ಚಿಕೊಂಡಾಗ ಸುಮ್ಮನಾಗುತ್ತಿದ್ದೆ.

ಆ ತಂಡದಲ್ಲಿ ಮೇಷ್ಟ್ರು "ನಮ್ಮ ಹುಡುಗ" ಅನ್ನುತ್ತಿದ್ದ ಒಬ್ಬ ಸಹಾಯಕ ಕೋಚ್ ಇದ್ದರು. ಹುಡುಗರೇನಲ್ಲ, ಐವತ್ತರ ಹತ್ತಿರದವರು. ಅಟ್ಲಾಂಟಾ ಕಡೆಯ ಕಪ್ಪು ಜನಾಂಗದವರು, ತಾಯಿ ಶಾಲೆಯ ಅಡುಗೆಮನೆಯಲ್ಲಿ ದುಡಿದು ಬೆಳೆಸಿದ ಮಗ. ಇದೇ ಯೂನಿವರ್ಸಿಟಿಗೆ ಆಡುತ್ತಿದ್ದಾಗ ಮೇಷ್ಟ್ರ ಕ್ಲಾಸಿನಲ್ಲಿ ಫೇಲಾಗಿದ್ದರು. ಮಂಡಿ ಮುರಿದು ಆಟ ನಿಂತಿತು, ಓದೂ ಅರ್ಧಕ್ಕೆ ನಿಂತಿತು. ಎಷ್ಟೋ ವರ್ಷಗಳ ನಂತರ, ಸಹಾಯಕ ಕೋಚ್ ಆಗಿ ವಾಪಸು ಬಂದವರು ಮತ್ತೆ ಮೇಷ್ಟ್ರ ಕ್ಲಾಸಿಗೇ ಸೇರಿ, ಮೀಸೆ ಚಿಗುರದ ಮಕ್ಕಳ ನಡುವೆ ಮೊದಲ ಬೆಂಚಿನಲ್ಲಿ ಕೂತು ಪಾಸಾದರು. ಬೇರೆ ಯಾವ ವಿದ್ಯಾರ್ಥಿಯ ಬಗ್ಗೆ ಹೇಳುವಾಗಲೂ ಮೇಷ್ಟ್ರ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿಲ್ಲ.

ಒಂದು ವರ್ಷ ತಂಡ ಸೋಲಿನ ಮೇಲೆ ಸೋಲು ಕಂಡಿತು. ಸೀಸನ್ ಅರ್ಧದಲ್ಲಿರುವಾಗಲೇ ಹೆಡ್ ಕೋಚ್‌ನನ್ನು ಕೆಲಸದಿಂದ ತೆಗೆದು, ನಮ್ಮ ಮೇಷ್ಟ್ರ ಹುಡುಗನನ್ನು ಹಂಗಾಮಿಯಾಗಿ ಕೂರಿಸಿದರು. ಯಾರೂ ನಿರೀಕ್ಷಿಸಿರದ ಹಾಗೆ ತಂಡ ಗೆಲ್ಲತೊಡಗಿತು. ಎಲ್ಲ ಆಟಗಳನ್ನೂ ಗೆಲ್ಲಲಿಲ್ಲ. ಆದರೆ ಸೋತಾಗಲೂ ಆ ಹುಡುಗರು ತಲೆ ತಗ್ಗಿಸದೆ ಹೊರಗೆ ಬರುತ್ತಿದ್ದರು. ಅದೇ ಹೊತ್ತಿಗೆ ಹೊಸ ಹೆಡ್ ಕೋಚ್‌ನನ್ನು ಆರಿಸಲು ಯೂನಿವರ್ಸಿಟಿ ಒಂದು ಸಮಿತಿ ಮಾಡಿತು. ಕ್ರೀಡಾ ವಿಭಾಗದ ಡೈರೆಕ್ಟರು, ಇಬ್ಬರು ದೊಡ್ಡ ದಾನಿಗಳು, ಒಬ್ಬ ಹಳೆಯ ಆಟಗಾರ... ಜೊತೆಗೆ ಅಧ್ಯಾಪಕರ ಪರವಾಗಿ ನಮ್ಮ ಮೇಷ್ಟ್ರು.

ಮೇಷ್ಟ್ರಿಗೆ ಮನೆಯಲ್ಲಿ ಮದುವೆ ಗೊತ್ತಾದಷ್ಟು ಸಂಭ್ರಮ. ಒಂದು ಶನಿವಾರ ಆಟ ಮುಗಿದ ಮೇಲೆ ಆಟಗಾರರ ಬಾಗಿಲ ಹತ್ತಿರ ಕೋಚ್‌ಗಾಗಿ ಕಾದು ನಿಂತರು. ಬೆವರು ಆರದ ಆ ಎತ್ತರದ ಮನುಷ್ಯ ಬಗ್ಗಿ ಅವರನ್ನು ಅಪ್ಪಿಕೊಂಡರು. ಅವರಿಬ್ಬರ ಮಾತು ಇಂಗ್ಲಿಷಿನದು, ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಅಪ್ಲೈ ಮಾಡು. ಹಂಗಾಮಿ ಅಂತ ಹಿಂಜರೀಬೇಡ" ಅಂದರು ಮೇಷ್ಟ್ರು.

"ನಮ್ಮಂಥೋರಿಗೆ ಸೀಸನ್ ಮುಗಿಸೋಕೆ ಮಾತ್ರ ಕೊಡ್ತಾರೆ ಪ್ರೊಫೆಸರ್."

"ಈ ಸಲ ಹಾಗಲ್ಲ. ಒಳಗೆ ನಾನಿದೀನಿ. ನ್ಯಾಯವಾಗಿ ನಡೆಯುತ್ತೆ, ಇದು ನನ್ನ ಮಾತು."

ಕೋಚ್ ಮೇಷ್ಟ್ರ ಮಂಕಿ ಕ್ಯಾಪನ್ನು ಕಿವಿಯ ಮೇಲೆ ಸರಿಯಾಗಿ ಎಳೆದರು...

ಆಮೇಲೆ ಒಂದು ಸಂಜೆ ಮೇಷ್ಟ್ರು ಕೋಚ್ ಅವರನ್ನು ಮನೆಗೆ ಊಟಕ್ಕೆ ಕರೆದರು. ಆಂಟಿ ಅಕ್ಕಿರೊಟ್ಟಿ ತಟ್ಟುತ್ತಲೇ ಇದ್ದರು, ಅವರು ತಿನ್ನುತ್ತಲೇ ಇದ್ದರು. ಊಟದ ನಡುವೆಯೇ ಮೇಷ್ಟ್ರು ಇಂಟರ್‌ವ್ಯೂ ಅಭ್ಯಾಸ ಮಾಡಿಸಲು ಕೂತರು. ನನಗೂ ಒಂದು ಪಾತ್ರ. "ನೀನು ದುಡ್ಡಿರೋ ದಾನಿ. ಮೆತ್ತಗೆ ಕೇಳ್ಬೇಡ, ಜಬರ್ದಸ್ತಿಯಿಂದ ಕೇಳು" ಅಂದರು. ನಾನು ದನಿ ಏರಿಸಿ, ಬೇರೆ ಎಲ್ಲರನ್ನೂ ಬಿಟ್ಟು ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು ಅಂತ ಕೇಳಿದೆ. ಕೋಚ್ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು.

"ಈ ಹುಡುಗರ ತಾಯಂದಿರು ನನಗೆ ಫೋನ್ ಮಾಡ್ತಾರೆ" ಅಂದರು. "ಆಟದ ವಿಷಯಕ್ಕಲ್ಲ. ಅವನು ಸರಿಯಾಗಿ ಊಟ ಮಾಡ್ತಿದಾನಾ, ನಿದ್ದೆ ಮಾಡ್ತಿದಾನಾ ಅಂತ ಕೇಳೋಕೆ. ನಾನು ಮಗನನ್ನ ನೋಡಿಕೊಂಡು ಬಂದೇ ಉತ್ತರ ಹೇಳ್ತೀನಿ."

ರೊಟ್ಟಿ ಹಿಡಿದುಕೊಂಡು ಬಂದ ಆಂಟಿ ಬಾಗಿಲಲ್ಲೇ ನಿಂತರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಅಲ್ಲೂ ಇದನ್ನೇ ಹೇಳು. ಒಂದಕ್ಷರ ಬದಲಾಯಿಸಬೇಡ" ಅಂದರು.

ಇಂಟರ್‌ವ್ಯೂ ಅಟ್ಲಾಂಟಾದ ಏರ್‌ಪೋರ್ಟ್ ಪಕ್ಕದ ಒಂದು ಹೋಟೆಲಿನಲ್ಲಿ. ಅಭ್ಯರ್ಥಿಗಳನ್ನು ಹುಡುಕಿಕೊಡುವ ಕಂಪನಿಯೊಂದು ಅಲ್ಲೇ ಏರ್ಪಾಡು ಮಾಡಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಶನಿವಾರ ಕೊನೆಯ ಆಟ. ಮಾರನೆಯ ದಿನ ನಾನು ಮೇಷ್ಟ್ರನ್ನು ಕೂರಿಸಿಕೊಂಡು ಹೊರಟೆ. ಅಟ್ಲಾಂಟಾದಲ್ಲಿ ನನ್ನ ಅಕ್ಕನ ಮನೆ ಇದೆ, ಅಲ್ಲೇ ಉಳಿದೆವು. ಸೋಮವಾರ ಬೆಳಗ್ಗೆ ಮೇಷ್ಟ್ರು ಮಗಳ ಮದುವೆಗೆ ಹೊಲಿಸಿದ್ದ ಸೂಟು ಹಾಕಿಕೊಂಡು ಹೊರಗೆ ಬಂದರು. ಭುಜ ಇಳಿದು ಸೂಟು ದೊಡ್ಡದಾಗಿತ್ತು. "ಹೇಗಿದೀನಮ್ಮ?" ಅಂದರು. ಅಕ್ಕ, "ಮದುಮಗನ ಥರಾನೇ ಇದೀರಾ ಅಂಕಲ್" ಅಂದಾಗ ನಾಚಿದರು.

ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಮೇಷ್ಟ್ರು ಲಾಬಿಯ ಸೋಫಾದ ತುದಿಯಲ್ಲಿ ಒಬ್ಬರೇ ಕೂತಿದ್ದರು. ಕಾರು ಊರು ದಾಟಿತು. ಕೊನೆಗೆ ನಾನೇ, "ಚೆನ್ನಾಗಿ ಮಾಡಿದ್ರಾ ಅವರು?" ಅಂತ ಕೇಳಿದೆ.

"ಬಹಳ ಚೆನ್ನಾಗಿ ಮಾಡ್ದ. ಆ ತಾಯಂದಿರ ಮಾತನ್ನ ಒಂದಕ್ಷರ ಬದಲಾಯಿಸದೆ ಹೇಳ್ದ." ಹಾಗಂದು ಕಿಟಕಿಯ ಕಡೆ ತಿರುಗಿದರು. "ಆದ್ರೆ ಒಬ್ಬರೂ ಅವನನ್ನ ಒಂದು ಕಷ್ಟದ ಪ್ರಶ್ನೆ ಕೇಳ್ಲಿಲ್ಲ ಕಣಮ್ಮ. ಬೇಕಾದವನನ್ನ ಜನ ಹಿಂಡಿ ಹಿಂಡಿ ಕೇಳ್ತಾರೆ. ಬೇಡವಾದವನಿಗೆ ನಗ್ತಾ ನಗ್ತಾ ಕಾಫಿ ಕೊಡ್ತಾರೆ."

ಸೌತ್ ಕ್ಯಾರೊಲೈನಾದಲ್ಲಿ ಹೈವೇ ಪಕ್ಕ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕೊಂದಿದೆ. ಅದರ ಹತ್ತಿರ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಮೇಷ್ಟ್ರ ಫೋನು ಬಿಡದೆ ಕುಂಯ್‌ಗುಡುತ್ತಿತ್ತು. ಅಕ್ಷರ ಚಿಕ್ಕದು, ಅವರಿಗೆ ಕಾಣದು. "ಏನಂತೆ ನೋಡಮ್ಮ" ಅಂತ ನನ್ನ ಕೈಗೆ ಕೊಟ್ಟರು. ಹೀಗಾಗಿ ಅದನ್ನು ಅವರಿಗೆ ಓದಿ ಹೇಳಬೇಕಾದವಳು ನಾನಾದೆ. ಹೊಸ ಹೆಡ್ ಕೋಚ್ ಆಯ್ಕೆಯಾಗಿದೆ. ಬೇರೆ ರಾಜ್ಯದವನು, ಹೆಸರಾಂತವನು. ಮಾತುಕತೆ ಹಿಂದಿನ ವಾರವೇ ಮುಗಿದಿತ್ತಂತೆ. ಕೆಳಗೊಂದು ಫೋಟೊ: ಪುಟ್ಟ ವಿಮಾನದಿಂದ ಅವನೂ ಹೆಂಡತಿ ಮಕ್ಕಳೂ ಇಳಿಯುತ್ತಿದ್ದಾರೆ, ಎಲ್ಲರ ತಲೆಯ ಮೇಲೂ ನಮ್ಮ ತಂಡದ ಟೋಪಿ.

"ಮಕ್ಕಳಿಗೂ ಟೋಪಿ ಇದೆಯಾ?" ಅಂತ ಕೇಳಿದರು ಮೇಷ್ಟ್ರು.

ಇದೆ ಅಂದೆ.

"ಮಕ್ಕಳ ಅಳತೆಗೆ ತರಿಸಿ ಇಟ್ಟಿದಾರೆ ಅಂದ್ರೆ..." ಅನ್ನುತ್ತ ಕನ್ನಡಕ ತೆಗೆದರು. ಆಮೇಲೆ, "ಎಲ್ಲರನ್ನೂ ಕರೆದು ಕೇಳಿದ್ವಿ ಅಂತ ತೋರಿಸೋಕೆ ಅವನ ಹೆಸರು ಬೇಕಿತ್ತು. ಅವನು ಬೇಡವಾಗಿದ್ದ. ನನ್ನ ಕೈಯಲ್ಲೇ ಅವನನ್ನ ಕರೆಸಿಕೊಂಡ್ರು" ಅಂದರು.

ಅಲ್ಲಿಂದಲೇ ಕೋಚ್‌ಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಆ ದಪ್ಪ ದನಿ ಕೇಳಿತು: "ಪ್ರೊಫೆಸರ್, ಇನ್ನೂ ದಾರೀಲಿದೀರಾ?"

"ನ್ಯಾಯವಾಗಿ ನಡೆಯುತ್ತೆ ಅಂತ ನಾನು ನಿನಗೆ..." ಅಷ್ಟಕ್ಕೇ ಮೇಷ್ಟ್ರ ದನಿ ಒಡೆಯಿತು.

"ನೀವು ನ್ಯಾಯವಾಗೇ ಇದ್ರಿ ಪ್ರೊಫೆಸರ್. ಏನಾದ್ರೂ ತಿಂದು ಹೊರಡಿ. ದಾರಿ ದೂರ ಇದೆ."

ಮೇಷ್ಟ್ರು ಏನೂ ತಿನ್ನಲಿಲ್ಲ.

ಆಮೇಲಿನದೆಲ್ಲ ಬೇಗ ನಡೆದುಹೋಯಿತು. ಮೇಷ್ಟ್ರು ಅಧ್ಯಾಪಕರ ಸಭೆಯಲ್ಲಿ ಎದ್ದು ನಿಂತು, ಆಯ್ಕೆ ಮೊದಲೇ ಆಗಿತ್ತು, ಸಮಿತಿ ಬರೀ ನಾಟಕ ಅಂದರು. ಎಲ್ಲರೂ ಗೌರವದಿಂದ ಕೇಳಿದರು. ಕೇಳಿ, ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಪಾರ್ಕಿಂಗ್ ಪರ್ಮಿಟ್. ಹೊಸ ಹೆಡ್ ಕೋಚ್ ತನ್ನವರನ್ನೇ ಕರೆತಂದ, ಹಳಬರನ್ನೆಲ್ಲ ಕ್ರಿಸ್‌ಮಸ್‌ಗೆ ಮೊದಲೇ ಕಳಿಸಿದ. ನಮ್ಮ ಕೋಚ್ ಹೆಂಡತಿ ಮಕ್ಕಳೊಂದಿಗೆ ಎಲ್ಲೋ ಒಂದು ಸಣ್ಣ ಕಾಲೇಜಿಗೆ, ಮೊದಲಿದ್ದುದಕ್ಕಿಂತ ಕೆಳಗಿನ ಕೆಲಸಕ್ಕೆ ಹೊರಟರು. ಹೊರಡುವ ದಿನ ವಿದಾಯ ಹೇಳಲು ಬಂದಾಗ ಮೇಷ್ಟ್ರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಡ್ರೈವ್‌ವೇಗೆ ಓಡಿದರು. ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡು ನಿಂತರು.

ಮೇಷ್ಟ್ರು ಪ್ರತಿನಿಧಿ ಕೆಲಸ ಬಿಟ್ಟರು, ಮುಂದಿನ ಬೇಸಿಗೆಗೆ ಪಾಠ ಹೇಳುವುದನ್ನೂ ಬಿಟ್ಟರು. ಮತ್ತೆ ಸೀಸನ್ ಶುರುವಾದಾಗ ನಾನು ಶನಿವಾರ ಬೆಳಗ್ಗೆ ಬಾಗಿಲು ತಟ್ಟಿದೆ. "ಬೇಡಮ್ಮ" ಅಂದರು. ಮರುವಾರವೂ ಬೇಡ ಅಂದರು. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ. ಟಿವಿಯನ್ನು ಕೂಡ ಹಾಕುತ್ತಿರಲಿಲ್ಲವಂತೆ. "ಸುಮ್ನೆ ಗೋಡೆ ನೋಡ್ತಾ ಕೂತಿರ್ತಾರೆ ಕಣೇ. ಏನಾದ್ರೂ ಕೇಳಿದ್ರೆ, ಮಾತು ಕೊಡಬಾರದಿತ್ತು ಅಂತಾರೆ" ಅಂತ ಆಂಟಿ ಬೇಲಿಯ ಹತ್ತಿರ ನಿಂತು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಮೇಷ್ಟ್ರು ಸ್ನಾನದ ಮನೆಯಲ್ಲಿ ಬಿದ್ದರು. ಪಾರ್ಶ್ವವಾಯು. ಎಲಿಕಾಟ್ ಸಿಟಿಯಲ್ಲಿದ್ದ ಮಗಳು ಬಂದು ಇಬ್ಬರನ್ನೂ ಕರೆದುಕೊಂಡು ಹೋದಳು.

ಗಂಡನನ್ನು ನೋಡಲು ಶ್ಯಾಂಟಿಲಿಗೆ ಹೋದಾಗ, ಎಲಿಕಾಟ್ ಸಿಟಿ ಅಲ್ಲಿಂದ ಹತ್ತಿರವೆಂದು, ಒಮ್ಮೆ ಅವರನ್ನು ನೋಡಲು ಹೋಗಿದ್ದೆ. ನನ್ನನ್ನು ತಮ್ಮ ತಂಗಿ ಅಂದುಕೊಂಡು ಮೈಸೂರಿನ ಯಾವುದೋ ಬೀದಿಯ ವಿಷಯ ಮಾತಾಡಿದರು. ಮೊಮ್ಮಗಳು ಕಿವಿಯ ಹತ್ತಿರ ಬಗ್ಗಿ, "ತಾತಾ, ಇವರು ಕ್ಯಾರಿ ಆಂಟಿ. ಫುಟ್ಬಾಲ್ ಗೇಮ್‌ಗೆ ಡ್ರೈವ್ ಮಾಡ್ತಿದ್ರು, ರಿಮೆಂಬರ್?" ಅಂದಳು. ಮೇಷ್ಟ್ರು ನನ್ನನ್ನು ದಿಟ್ಟಿಸಿದರು. ಎಲ್ಲ ಮರೆತಿದ್ದ ಆ ತಲೆಯಲ್ಲಿ ಅದೊಂದು ಹೇಗೆ ಉಳಿದಿತ್ತೋ... "ಅವನು ನಂಬಿಕೊಂಡು ಬಂದ ಕಣಮ್ಮ. ನನ್ನ ಮಾತು ಕೇಳಿ ಬಂದ" ಅಂದರು. ಕಣ್ಣಿನಿಂದ ನೀರು ಇಳಿಯಿತು. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಈ ಸೀಸನ್ನಿನಲ್ಲಿ, ಅಂದು ವಿಮಾನದಿಂದ ಇಳಿದವನನ್ನೂ ಕೆಲಸದಿಂದ ತೆಗೆದರು. ಮತ್ತೆ ಸಮಿತಿಯಾಗಿದೆ. ಎಲ್ಲರಿಗೂ ಸಮಾನ ಅವಕಾಶ ಅಂತ ಪ್ರಕಟಣೆ ಬಂದಿದೆ. ನಿನ್ನೆ ಕೋಚ್ ನನಗೆ ಫೋನ್ ಮಾಡಿದ್ದರು. ಮೇಷ್ಟ್ರು ಹೋದ ಮೇಲೆ ಆಗೀಗ ಮಾಡುತ್ತಾರೆ. ಇಂಟರ್‌ವ್ಯೂಗೆ ಬನ್ನಿ ಅಂತ ಇವರಿಗೆ ಮತ್ತೆ ಕರೆ ಬಂದಿದೆಯಂತೆ. ಹೋಗಲ್ಲ ಅಂದರಂತೆ.

"ಹೋದ ಸಲ ಆ ಹೋಟೆಲಿನ ಬಾಗಿಲು ದಾಟೋ ಮುಂಚೆನೇ ಗೊತ್ತಾಗಿತ್ತು" ಅಂದರು. "ಬೇರೆಯವನನ್ನ ಕರ್ಕೊಂಡು ಬರೋಕೆ ಪ್ಲೇನ್ ಹೊರಟಿದೆ ಅಂತ ನನ್ನ ಹುಡುಗರೇ ಮೆಸೇಜ್ ಮಾಡಿದ್ರು."

"ಮತ್ತೆ ಯಾಕೆ ಹೋದ್ರಿ?"

"ಒಳಗೆ ಪ್ರೊಫೆಸರ್ ಕಾಯ್ತಾ ಕೂತಿದ್ರಲ್ಲ. ಸೂಟ್ ಹಾಕ್ಕೊಂಡು."

ತಮ್ಮನ್ನು ನಂಬಿ ಬಂದು ಅವನು ಮೋಸಹೋದ ಅಂತ ಮೇಷ್ಟ್ರು ಕೊರಗುತ್ತಲೇ ಹೋದರು. ಕೋಚ್ ಮೋಸಹೋಗಿರಲಿಲ್ಲ, ಎಲ್ಲ ತಿಳಿದೇ ಬಂದಿದ್ದರು. ಇದು ಗೊತ್ತಾಗಿದ್ದರೆ ಅವರ ಎದೆಯ ಭಾರ ಇಳಿಯುತ್ತಿತ್ತೋ, ಇನ್ನೂ ಏರುತ್ತಿತ್ತೋ... ಈಗ ಕೇಳಲು ಅವರಿಲ್ಲ.

ಆಂಟಿಗಾದರೂ ಹೇಳೋಣ ಅಂತ ಇವತ್ತು ಬೆಳಗ್ಗೆ ಫೋನ್ ಮಾಡಿದೆ. ಆಂಟಿಯ ದನಿ ಸಣ್ಣಗಾಗಿದೆ. "ಅಲ್ಲಿ ಚಳಿ ಶುರುವಾಯ್ತೇನೇ?" ಅಂತ ಕೇಳಿದರು. ಶುರುವಾಯಿತು ಅಂದೆ. ಕೋಚ್ ಹೇಳಿದ್ದನ್ನು ಮಾತ್ರ ನನ್ನಿಂದ ಹೇಳಲಾಗಲಿಲ್ಲ. ಆಮೇಲೆ ಅವರೇ, "ಸರಿ ಕಣೇ, ಇಡ್ಲಾ?" ಅಂದರು. ಹೂಂ ಅಂದೆ.