ದೀಪಕ್ಕೆ ಹೋದ ಎಣ್ಣೆ

ಮೊನ್ನೆ ಪಕ್ಕದ ಮನೆಯ ದೇವರ ದೀಪ ಆರಿದಾಗ, ಸುಟ್ಟ ಬತ್ತಿಯ ಜೊತೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಹೊಟ್ಟೆಯೊಳಗಿನ ಹಳೆಯ ಬೆಂಕಿ ಮತ್ತೆ ಹತ್ತಿಕೊಂಡಿತು.

ಗೋವಿಂದರಾಜನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಓನರ್ ಆಂಟಿ ಇದ್ದರು. ನನ್ನ ಮಗಳಿಗೆ ಎಳೆಗೂಸಾಗಿದ್ದಾಗಲೇ ಪಿತ್ತನಾಳ ಮುಚ್ಚಿಹೋಗಿತ್ತು. ಆಗ ಮಾಡಿಸಿದ ಆಪರೇಷನ್ ಕೈಕೊಟ್ಟಿತ್ತು. ಕಣ್ಣು ಅರಿಶಿನ, ಹೊಟ್ಟೆ ಉಬ್ಬು, ಕೈಕಾಲು ಕಡ್ಡಿ. ಲಿವರ್ ಕಸಿಯೊಂದೇ ದಾರಿ, ಅವಳಪ್ಪನದು ಹೊಂದುತ್ತಿತ್ತು.

"ಮೊದ್ಲು ತೂಕ ಬರ್ಬೇಕಮ್ಮ. ಹಾಗಂತ ತುಂಬ ಕಾಯೋಕೂ ಆಗಲ್ಲ," ಎಂದಿದ್ದರು ಡಾಕ್ಟರು. ಬೇರೆ ಜಿಡ್ಡು ಅವಳಿಗೆ ಅರಗದು, ಕೊಬ್ಬರಿ ಎಣ್ಣೆ ಅರಗುತ್ತದೆ, ಪ್ರತಿ ಸಲ ರಾಗಿ ಸರಿಗೆ ಒಂದು ಚಮಚ ಹಾಕಿ ಎಂದು ಹೇಳಿ ಕಳಿಸಿದ್ದರು.

ನಾನು ಗಾರ್ಮೆಂಟ್ಸ್‌ಗೆ ಹೋಗಲೇಬೇಕಿತ್ತು. ಹಗಲೆಲ್ಲ ಮಗು, ಮಗುವಿನ ಎಣ್ಣೆ ಬಾಟಲಿ ಎರಡೂ ಆಂಟಿಯ ಹತ್ತಿರ. ಮುದ್ದು ಮಾಡುತ್ತಿದ್ದರು, ಸುಳ್ಳು ಹೇಳಬಾರದು. ಬಾಟಲಿ ಸರಿಯಾಗಿ ಖಾಲಿಯಾಗುತ್ತಿತ್ತು. ತೂಕ ಮಾತ್ರ ಏರಲಿಲ್ಲ... ಕಸಿಯ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು.

ಒಂದು ಮಧ್ಯಾಹ್ನ ಬೇಗ ಬಂದು ಮಹಡಿ ಹತ್ತಿದೆ. ಆಂಟಿ ನನ್ನ ಮಗಳನ್ನು ಸೊಂಟದಲ್ಲಿಟ್ಟುಕೊಂಡು, ಅವಳ ಎಣ್ಣೆಯನ್ನು ದೇವರ ನಂದಾದೀಪಕ್ಕೆ ಸುರಿಯುತ್ತಿದ್ದರು.

"ಕಾಮಾಲೆಗೆ ಎಣ್ಣೆ ವಿಷ ಕಣಮ್ಮಾ. ಪಥ್ಯ ಮಾಡಿಸ್ತಾ ಇದೀನಿ. ಒಂದು ತೊಟ್ಟೂ ದಂಡ ಮಾಡಿಲ್ಲ, ನಿನ್ನ ಮಗಳ ಹೆಸ್ರಲ್ಲೇ ದೀಪ ಹಚ್ಚಿದೀನಿ."

ಆ ವಾರವೇ ಮಗುವಿಗೆ ಸೋಂಕು ತಗುಲಿತು. ಒಣಗಿದ ಮೈ ತಡೆದುಕೊಳ್ಳಲಿಲ್ಲ. ಅಪ್ಪನ ಲಿವರ್ ಅಪ್ಪನ ಹೊಟ್ಟೆಯಲ್ಲೇ ಉಳಿಯಿತು.

ಹಣೆಬರಹ ಎಂದರು ಎಲ್ಲರೂ. ನಾನು ಎನ್ನಲಿಲ್ಲ. ಮನೆ ಬಿಟ್ಟ ಮೇಲೂ ಪ್ರತಿ ವರ್ಷ, ಮಗಳು ಹುಟ್ಟಿದ ದಿನ ಹೋಗಿ, ಅವರ ಕೈಗೆ ಒಂದು ಬಾಟಲಿ ಕೊಬ್ಬರಿ ಎಣ್ಣೆ ಇಡುತ್ತಿದ್ದೆ. "ದೀಪಕ್ಕೆ, ಆಂಟಿ." ಅಷ್ಟೇ ಮಾತು. ಅವರು ನನ್ನ ಮುಖ ನೋಡಲಾರದೆ ಬಾಟಲಿ ಹಿಡಿದು ಒಳಗೆ ಸರಿಯುವುದನ್ನು ಕಣ್ಣಾರೆ ನೋಡಿ ಬಂದರೆ, ಅವತ್ತು ಮಾತ್ರ ಅನ್ನ ರುಚಿಸುತ್ತಿತ್ತು. ಅವರು ನೂರು ವರ್ಷ ಬದುಕಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಈ ವರ್ಷ ಬಾಗಿಲು ತೆಗೆದದ್ದು ಸೊಸೆ. ಆಂಟಿ ತೀರಿಕೊಂಡು ತಿಂಗಳಾಗಿತ್ತು. ದೇವರ ಕೋಣೆಯಲ್ಲಿ ನಾನು ಕೊಟ್ಟ ಬಾಟಲಿಗಳೆಲ್ಲ ಮುಚ್ಚಳ ತೆಗೆಯದೆ ನಿಂತಿದ್ದವು.

"ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಅತ್ತೆ ದೀಪ ಹಚ್ಚೋದನ್ನೇ ಬಿಟ್ಟಿದ್ರು," ಎಂದಳು.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈ ವರ್ಷದ ಬಾಟಲಿ ಇನ್ನೂ ನನ್ನ ಚೀಲದಲ್ಲೇ ಇದೆ. ನಾನು ಮಿಷನ್ ತುಳಿಯುತ್ತಿದ್ದ ಹಗಲುಗಳಲ್ಲಿ ನನ್ನ ಮಗಳು ಹೇಗೆ ನಗುತ್ತಿದ್ದಳು, ಏನೇನು ತೊದಲುತ್ತಿದ್ದಳು... ಕಂಡವರು ಅವರೊಬ್ಬರೇ. ಅದನ್ನೂ ತೆಗೆದುಕೊಂಡು ಹೋದರು.